ಪಿಸುದನಿಗೆ ಒಂದು ಟೇಪು

ನನ್ನ ಕೈಯಲ್ಲಿ ಕೆಟ್ಟುಹೋದ ವಸ್ತುಗಳು ಬೇಕಾದಷ್ಟಿವೆ. ರೇಡಿಯೊ, ಆಂಪ್ಲಿಫಯರ್, ಒಂದು ಗ್ರೈಂಡರ್, ಮಾವನ ಮನೆಯ ಟೀವಿ. ರಿಪೇರಿಯವನ ಬದುಕೇ ಅಷ್ಟು, ಹತ್ತು ಸರಿಹೋದರೆ ಒಂದು ಕೆಡುತ್ತದೆ. ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ ನಾನು. ಆದರೆ ಒಬ್ಬ ಹೆಂಗಸಿನ ದನಿಯನ್ನೂ ನಾನು ಹಾಳುಮಾಡಿದ್ದೇನೆ.

ಆಗ ನನ್ನ ಅಂಗಡಿ ದೊಡ್ಡನೆಕ್ಕುಂದಿಯ ಹಳೇ ಊರೊಳಗೆ ಒಂದು ಶಟರ್ ಮಳಿಗೆಯಲ್ಲಿತ್ತು. ಮುಂದೆ ಯುಪಿಎಸ್, ಆಂಪ್ಲಿಫಯರ್ ರಿಪೇರಿ. ಹಿಂದಿನ ರೂಮಿನಲ್ಲಿ ನನ್ನ ಮಿಷಿನ್ನು. ಮಿಷಿನ್ನು ಅಂದರೆ ಎಂಟು ಟ್ರ್ಯಾಕಿನ ಹಳೇ ಟೇಪ್ ರೆಕಾರ್ಡರ್. ಅರ್ಧ ಅಂಗುಲ ಅಗಲದ ಒಂದೇ ಟೇಪಿನ ಮೇಲೆ ಎಂಟು ಬೇರೆ ಬೇರೆ ಓಣಿಗಳು. ಇವತ್ತು ಒಬ್ಬರು ಒಂದು ಓಣಿಯಲ್ಲಿ ಹಾಡಬಹುದು, ಬರುವ ತಿಂಗಳು ಇನ್ನೊಬ್ಬರು ಬಂದು ಅದನ್ನು ಕೇಳುತ್ತ ಪಕ್ಕದ ಓಣಿಯಲ್ಲಿ ಹಾಡಬಹುದು. ಕೇಳುವವರಿಗೆ ಇಬ್ಬರೂ ಜೊತೆಗೆ ಕೂತು ಹಾಡಿದ ಹಾಗೇ ಇರುತ್ತದೆ. ಪೀಣ್ಯದ ಒಂದು ಕ್ಯಾಸೆಟ್ ಕಂಪನಿಯಲ್ಲಿ ಹದಿನಾರು ವರ್ಷ ನಾನು ಇಂಥ ಮಿಷಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿಕೊಂಡಿದ್ದೆ. ಜನ ಕ್ಯಾಸೆಟ್ ಕೇಳುವುದು ಬಿಟ್ಟರು, ಕಂಪನಿ ಬಾಗಿಲು ಹಾಕಿತು. ಸಾಮಾನೆಲ್ಲ ಗುಜರಿಗೆ ಹೋಗುವ ದಿನ ಗೇಟಿನಲ್ಲಿ ದೊಡ್ಡ ಗಲಾಟೆ ಮಾಡಿ ಇದೊಂದನ್ನು ಬಿಡಿಸಿಕೊಂಡು ಬಂದೆ. "ಮನೇಲಿ ಫ್ರಿಜ್ ಇಡೋಕೆ ಜಾಗ ಇಲ್ಲ, ಇದನ್ನ ಎಲ್ಲಿ ಮಲಗಿಸ್ತೀರಿ?" ಅಂತ ಹೆಂಡತಿ ಕೇಳಿದ್ದಕ್ಕೇ ಅದು ಅಂಗಡಿಯ ಹಿಂದಿನ ರೂಮು ಸೇರಿತು.

ಮಿಷಿನ್ನಿನ ಜೊತೆ ಒಂದಷ್ಟು ಟೇಪೂ ಬಂದಿತ್ತು, ಎರಡು ಜಾತಿ. ಒಂದು, ಕಂಪನಿಯಲ್ಲಿ ಹತ್ತಾರು ಸಲ ಬಳಸಿ ಅಳಿಸಿದ್ದು, ಬೆನ್ನು ಹೊಳೆಯುವ ಕಂದುಬಣ್ಣದ್ದು. ಇನ್ನೊಂದು ಮೂರೇ ಮೂರು ಸುರುಳಿ, ಬೆನ್ನು ಕಪ್ಪಗಿರುವ ಮೇಲ್ದರ್ಜೆಯ ಟೇಪು, ಪ್ಲಾಸ್ಟಿಕ್ ಸೀಲು ಕೂಡ ಒಡೆದಿಲ್ಲ. ಯಾವುದಾದರೂ ಒಳ್ಳೇ ಕೆಲಸಕ್ಕೆ ಇರಲಿ ಅಂತ ನಾನು ಅವನ್ನು ಬೀರುವಿನ ಮೇಲೆ, ಒಳ್ಳೇ ಸೀರೆ ಎತ್ತಿಡುವ ಹಾಗೆ ಬಟ್ಟೆ ಸುತ್ತಿ ಇಟ್ಟಿದ್ದೆ. ವರ್ಷಗಟ್ಟಲೆ ಇಟ್ಟಿದ್ದೆ.

ಮಳಿಗೆಯ ಒಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿ ಬಾಡಿಗೆ ಮನೆ. ಮೇಲಿನ ಮನೆಗಳಲ್ಲಿ ಸಾಫ್ಟ್‌ವೇರ್‌ನವರು, ಕೆಳಗಿನ ಸಾಲು ರೂಮುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಆಕೆ ಮಾತ್ರ ಇನ್ನೂ ಬೆಳಗ್ಗೆ ಎದ್ದು ಮನೆ ಮುಂದೆ ಸಗಣಿ ಸಾರಿಸುವ ಹೆಂಗಸು. ಕಾಂಕ್ರೀಟಿನ ಮೇಲೂ ಸಾರಿಸುತ್ತಿದ್ದಳು.

ದೊಡ್ಡಮ್ಮನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಬೀದಿಗೆಲ್ಲ ಚಿಕ್ಕಮ್ಮ. ಪಕ್ಕದ್ದೇ ಮನೆ. ಇಬ್ಬರೂ ಸೊಸೆಯರಾಗಿ ಬಂದಾಗಿನಿಂದ ಸುತ್ತಮುತ್ತಲ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದ ಜೋಡಿ. ದೊಡ್ಡಮ್ಮ ಒಂದೊಂದು ಸೊಲ್ಲನ್ನು ಎತ್ತಿಕೊಡುವವಳು, ಚಿಕ್ಕಮ್ಮ ಅದರ ಬಾಲ ನೆಲಕ್ಕೆ ಬೀಳುವ ಮೊದಲೇ ಹಿಡಿದು ಮುಂದಕ್ಕೆ ಒಯ್ಯುವವಳು. ಆಮೇಲೆ ರಿಂಗ್ ರೋಡ್ ಬಂತು, ಜಮೀನಿಗೆ ಬೆಲೆ ಬಂತು, ಅಣ್ಣತಮ್ಮಂದಿರು ಪಾಲಾದರು, ಎರಡು ಮನೆಗಳ ನಡುವಿನ ಮೂರಡಿ ಓಣಿಯ ಮೇಲೆ ಒಂದು ಗೋಡೆ ಎದ್ದಿತು. ಗೋಡೆ ಎದ್ದು ಹನ್ನೊಂದು ವರ್ಷ. ಗಂಡಂದಿರಿಬ್ಬರೂ ತೀರಿಕೊಂಡರು, ಕೋರ್ಟಿನಲ್ಲಿ ಕೇಸು ಮಾತ್ರ ತೀರಲಿಲ್ಲ. ವಾರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ದೊಡ್ಡಮ್ಮ ಅಂಗಡಿಗೆ ಬಂದು ಗ್ರಾಹಕರ ಸ್ಟೂಲಿನ ಮೇಲೆ ಕೂತಳು. ಕತ್ತಿನ ಮೇಲೆ ಕೈಯಿಟ್ಟುಕೊಂಡೇ ಮಾತು ತೆಗೆದಳು.

"ನೋಡಪ್ಪ, ಡಾಕ್ಟ್ರು ಕತ್ತು ಕುಯ್ತಾರಂತೆ. ಗಂಟು ಕೆಟ್ಟದ್ದಲ್ವಂತೆ. ಆದ್ರೆ ದನಿ ನರದ ಮ್ಯಾಲೇ ಕುಂತದಂತೆ. ಆಮ್ಯಾಕೆ ದನಿ ಎಂಗಿರ್ತದೋ ಯೋಳಕ್ಕಾಗಲ್ಲ ಅಂದ್ರು."

"ಏನೂ ಆಗಲ್ಲ ಬಿಡಿ ದೊಡ್ಡಮ್ಮ."

"ಆಗ್ಲಿ ಬಿಡ್ಲಿ. ಮೊಮ್ಮಗಳ ಮದುವೆ ಮೂರು ತಿಂಗಳೈತೆ. ಹಸೆ ಪದ ಯಾರು ಯೋಳ್ತಾರೆ?"

ಆ ಕಡೆಯ ಮದುವೆಗಳಲ್ಲಿ ರಂಗೋಲಿ ಬರೆದ ಮಣೆಗೆ ಹಸೆ ಅನ್ನುತ್ತಾರೆ. ಹುಡುಗಿಯನ್ನು ಒಳಗಿನಿಂದ ಕರೆದು ಹಸೆಗೆ ಕೂರಿಸುವ ಪದವೊಂದಿದೆ. ಅದನ್ನು ಮನೆಯ ಇಬ್ಬರು ಹೆಂಗಸರು ಹೇಳಬೇಕು, ಒಬ್ಬರು ಎತ್ತಿಕೊಟ್ಟು ಇನ್ನೊಬ್ಬರು ಹಿಡಿಯಬೇಕು. ಪದ ಶುರುವಾಗುವವರೆಗೆ ಹುಡುಗಿ ಎದ್ದು ಬರುವುದಿಲ್ಲ. ದೊಡ್ಡಮ್ಮನ ಮನೆಯ ಹೆಣ್ಣುಮಕ್ಕಳೆಲ್ಲ ಆ ಪದಕ್ಕೇ ಎದ್ದು ಬಂದವರು. ಇವಳು ಕೊನೆಯ ಮೊಮ್ಮಗಳು.

"ನನ್ನ ದನಿ ಇರೋವಾಗ್ಲೇ ಹಿಡಿದಿಡು," ಅಂದಳು ದೊಡ್ಡಮ್ಮ. ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಆಮ್ಯಾಕೆ ಅವ್ಳುನ್ನೂ ಕರೆದು ಹಿಡಿದಿಡು. ಮದುವೆಗೆ ಅವ್ಳು ಬರಲ್ಲ, ಅವ್ಳ ಮಕ್ಳು ಬಿಡಲ್ಲ. ನಾನೂ ಕರೆಯಾಕಿಲ್ಲ. ಮುಖ ಬ್ಯಾಡ ನಂಗೆ. ದನಿ ಬೇಕು."

ನನಗೆ ನಗು ಬಂತು, ಜೊತೆಗೆ ಹೆಮ್ಮೆಯೂ ಆಯಿತು. ಇಬ್ಬರನ್ನು ಒಂದೇ ಕೋಣೆಗೆ ತರದೆ ಜೊತೆಗೆ ಹಾಡಿಸುವ ಮಿಷಿನ್ನು ಇಡೀ ಊರಿಗೆ ನನ್ನೊಬ್ಬನ ಹತ್ತಿರವಿತ್ತಲ್ಲ!

ಸಂಜೆ ಗೋಡೆಯಾಚೆ ಹೋದೆ. ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಆ ಮಗೀಗೆ ಮೊದಲ ನೀರು ಉಯ್ದವಳೇ ನಾನು. ಬತ್ತೀನಿ. ಆದ್ರೆ ಅವ್ಳಿದ್ದಾಗ ಬರಾಕಿಲ್ಲ, ತಿಳೀತಾ?" ಅಂದಳು. ಅಲ್ಲಿಗೆ ಎರಡೂ ಕಡೆ ಒಪ್ಪಂದವಾಯಿತು. ಆಪರೇಷನ್ನಿಗೆ ಹತ್ತು ದಿನ ಉಳಿದಿತ್ತು.

ಈಗ ಟೇಪಿನ ಮಾತು. ಮದುಮಗಳು, ಅಂದರೆ ಆ ಮೊಮ್ಮಗಳು, ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದವಳು. "ಅಂಕಲ್, ನನ್ನ ಫೋನಲ್ಲೇ ರೆಕಾರ್ಡ್ ಆಗುತ್ತಲ್ಲ, ಅಜ್ಜಿದು ಒಂದು ಕಾಪಿ ಇಟ್ಕೋತೀನಿ," ಅಂದಳು. ನನಗೆ ಮೂಗಿನ ತುದಿಯಲ್ಲಿ ಕೋಪ. "ನಿಮ್ಮಜ್ಜಿ ದನೀನ ಆ ಬೆಂಕಿಪೊಟ್ಟಣದಲ್ಲಿ ತುಂಬ್ತೀಯಾ? ಆಚೆ ಇಟ್ಟು ಬಾ ಅದನ್ನ!" ಅಂತ ರೇಗಿದೆ. ಪಾಪ, ಹುಡುಗಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಆ ಕ್ಷಣವನ್ನು ವಾಪಸ್ಸು ಪಡೆಯಲು ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಮೊದಲು ನಾನು ತೆಗೆದದ್ದು ಬಳಸಿದ ಟೇಪನ್ನೇ, ಹೊಳೆಯುವ ಬೆನ್ನಿನದ್ದು. ಅದು ಹಳೆಯದಾದರೂ ಗಟ್ಟಿ, ಅದರ ಗುಣ ನನಗೆ ಗೊತ್ತಿತ್ತು. ದೊಡ್ಡಮ್ಮ ಅದರ ಡಬ್ಬಿಯನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಮೊದ್ಲು ಏನಿತ್ತು?" ಅಂದಳು.

"ಏನೇನೋ ಇತ್ತು. ಸೋಪಿನ ಜಾಹೀರಾತು, ಹಾಡು, ನಾಟಕ. ಎಲ್ಲ ಅಳಿಸಿದ್ದೀನಿ."

"ಬ್ಯಾಡ ಕಣಪ್ಪ. ಹಸೆಗೆ ಹೊಸ ಚಾಪೆ, ಹೊಸ ಬತ್ತಿ, ಹೊಸ ಮಡಕೆ. ಯಾರೋ ಯೋಳಿ ಅಳಿಸಿದ್ರ ಮ್ಯಾಲೆ ಹಸೆ ಪದ ಯೋಳಾಕಿಲ್ಲ ನಾನು. ಹೊಸದಿಲ್ವಾ?"

ಇತ್ತಲ್ಲ! ನನ್ನ ಕಣ್ಣು ನೇರ ಬೀರುವಿನ ಮೇಲಕ್ಕೆ ಹೋಯಿತು. ಇಂಥ ಕೆಲಸಕ್ಕೇ ತಾನೆ ಅವನ್ನು ಎತ್ತಿಟ್ಟಿದ್ದು? ಹೊಸದಾಗಿ ತಯಾರಾದ ಟೇಪು ಬೇಕೆಂದರೆ ಹೊರದೇಶದಿಂದ ಬರಬೇಕಿತ್ತು, ಅಷ್ಟರಲ್ಲಿ ಆಪರೇಷನ್ನು ಮುಗಿದುಹೋಗುತ್ತಿತ್ತು. ಸೀಲು ಒಡೆಯದ್ದು ಅಂದರೆ ಹೊಸದು, ಅಷ್ಟೇ ನನ್ನ ಲೆಕ್ಕ. ಬಟ್ಟೆ ಬಿಚ್ಚಿ ಒಂದು ಸುರುಳಿ ಇಳಿಸಿದೆ. ದೊಡ್ಡಮ್ಮ ಡಬ್ಬಿಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದಳು. ನಾನು ಬ್ಲೇಡಿನಿಂದ ಸೀಲು ಒಡೆದೆ. ಒಳಗಿನಿಂದ ಹಳೇ ಮೇಣದ ಥರ ಒಂದು ವಾಸನೆ ಬಂತು. ಮೂಗು ಹೇಳಿತು, ನಾನು ಕೇಳಲಿಲ್ಲ.

ದೊಡ್ಡಮ್ಮ ಚಾಪೆಯ ಮೇಲೆ ಕೂತು ಹಾಡಿದಳು. ನೆತ್ತಿಯ ಮೇಲೆ ವಿಮಾನ ಹೋದಾಗಲೆಲ್ಲ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಎತ್ತುತ್ತಿದ್ದಳು. ಅರವತ್ತೆಂಟರ ಹೆಂಗಸಿನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ಸೊಲ್ಲು ಎತ್ತಿಕೊಟ್ಟು ಸುಮ್ಮನಾಗಿ ತೊಡೆಯ ಮೇಲೆ ಬೆರಳಿನಿಂದ ಲೆಕ್ಕ ಹಾಕುತ್ತಿದ್ದಳು, ಅದು ಚಿಕ್ಕಮ್ಮನ ಜಾಗ. ಹನ್ನೊಂದು ವರ್ಷ ಮಾತಾಡದವಳಿಗೆ ಎಷ್ಟು ಹೊತ್ತು ಬೇಕು, ಎಲ್ಲಿ ಉಸಿರು ಬೇಕು, ಎಲ್ಲ ಅವಳ ಬೆರಳಿಗೆ ಗೊತ್ತಿತ್ತು. ಪದದ ನಡುವೆ ಮಿಷಿನ್ನಿನಿಂದ ಕೀ ಅಂತ ಒಂದು ಸಣ್ಣ ಸದ್ದು ಬಂತು. ರೋಲರ್ ಒಣಗಿದೆ ಅಂದುಕೊಂಡು ಆಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟೆ.

ದೊಡ್ಡಮ್ಮ ಆಸ್ಪತ್ರೆ ಸೇರಿದಳು, ಆಪರೇಷನ್ನು ಆಯಿತು. ನಾಲ್ಕನೇ ದಿನ, ಅವಳು ಇನ್ನೂ ಅಲ್ಲೇ ಇರುವಾಗ ಚಿಕ್ಕಮ್ಮ ಬಂದಳು. ತಲೆಗೆ ಹೆಡ್‌ಫೋನ್ ಹಾಕಿದೆ. ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನೆಟ್ಟಗೆ ಕೂತಳು. ಟೇಪು ಬಿಟ್ಟೆ, ನಾನೂ ಸ್ಪೀಕರಿನಲ್ಲಿ ಸಣ್ಣಗೆ ಕೇಳುತ್ತಿದ್ದೆ.

ಮೊದಲ ಸೊಲ್ಲು ಬಂತು. ಚಿಕ್ಕಮ್ಮ ಹಾಡಲಿಲ್ಲ. ಎರಡನೆಯದು ಬಂತು. ಆಗಲೂ ಇಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ಉಸುರು ಎಲ್ಲಿ ತಕ್ಕೋಬೇಕು ಅನ್ನೋದೇ ಮರ್ತವ್ಳೆ ಮುಂಡೇದು," ಅಂತ ಬೈದು ಮೂಗು ಒರೆಸಿಕೊಂಡಳು. ಮೂರನೇ ಸೊಲ್ಲಿಗೆ ಬಾಯಿ ತೆರೆದಳು, ಅಷ್ಟರಲ್ಲಿ ಮಿಷಿನ್ನು ಕಿರುಚಿತು.

ಕೀರಲು ಸದ್ದು, ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿ ಎಳೆದ ಹಾಗೆ. ದೊಡ್ಡಮ್ಮನ ದನಿ ಮೊದಲು ಮಂಕಾಯಿತು, ಕಂಬಳಿಯೊಳಗೆ ಹೋಯಿತು, ಆಮೇಲೆ ಇಲ್ಲವಾಯಿತು. ನಿಲ್ಲಿಸಿ ನೋಡಿದರೆ ಟೇಪು ಉಜ್ಜಿಹೋಗುವ ಲೋಹದ ತಲೆಗಳ ಮೇಲೆಲ್ಲ ಕಂದು ಅಂಟು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಮತ್ತೆ ಬಿಟ್ಟೆ, ಮತ್ತೆ ಕಿರುಚಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಬುದ್ಧಿಯಿದ್ದವನು ನಿಲ್ಲಿಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು, ನನ್ನ ಮಿಷಿನ್ನು ನನಗೇ ಮೋಸ ಮಾಡುವುದೆಂದರೇನು? ಮೂರನೇ ಸಲ ಒರೆಸಿದೆ, ಮೂರನೇ ಸಲ ಬಿಟ್ಟೆ. ಕೊನೆಗೆ "ತಥ್!" ಅಂದು ಫಾಸ್ಟ್ ರಿವೈಂಡ್ ಒತ್ತಿದೆ. ಅಂಟಿಕೊಂಡಿದ್ದ ಸುತ್ತುಗಳು ಪಟಪಟ ಕಿತ್ತುಕೊಂಡು ಬಂದವು. ದನಿ ಹಿಡಿದಿಡುವ ಕಂದು ಲೇಪ ಉದ್ದುದ್ದ ಎದ್ದುಹೋಗಿ ಬರೀ ಪ್ಲಾಸ್ಟಿಕ್ ಕಾಣುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆಗಿನ ಗೋಡೆ ಕಂಡಿತು.

"ಏನಪ್ಪ, ಅವ್ಳ ದನಿ ಎಲ್ಲೋಯ್ತು?" ಅಂದಳು ಚಿಕ್ಕಮ್ಮ.

ನಾನು ಹತ್ತಿ ತೋರಿಸಿದೆ. ಅದರ ತುಂಬ ಕಂದು ಪುಡಿ.

"ಇದಾ?"

"ಇದೇ ಚಿಕ್ಕಮ್ಮ. ಒರೆಸಿಬಿಟ್ಟೆ."

ಕಸದ ಡಬ್ಬಿಯಿಂದಲೂ ಉಳಿದೆರಡು ಹತ್ತಿ ಹೆಕ್ಕಿ, ಮೂರನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಅವಳು ಎದ್ದುಹೋದಳು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರನೇ ದಿನ ಆ ಸುರುಳಿಯನ್ನು ಹೊತ್ತುಕೊಂಡು ಪೀಣ್ಯಕ್ಕೆ ಹೋದೆ. ಕ್ಯಾಸೆಟ್ ಕಂಪನಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಅಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಟೇಪಿನ ಬೆನ್ನು ನೋಡಿದ್ದೇ ತಡ ಹಣೆ ಚಚ್ಚಿಕೊಂಡರು.

"ಅಲ್ಲ ಕಣಯ್ಯ, ಕಪ್ಪು ಬೆನ್ನಿನ ಹಳೇ ಮಾಲು ಹಾಕಿದ್ಯಾ? ಅದರ ಲೇಪ ಅಂಟಿಸಿರೋ ಆ ಕಾಲದ ಗೋಂದು ಗಾಳೀಲಿರೋ ನೀರು ಕುಡಿಯುತ್ತೆ. ಸೀಲಿದ್ರೇನು, ಡಬ್ಬಿಯೊಳಗೇ ಕೊಳೆಯುತ್ತೆ. ಬಳಸಿ ಬಿಸಾಕಿದ ಹೊಳೆಯೋ ಟೇಪು ನಿನ್ನ ಕಾಲಕ್ಕೂ ಇರ್ತಿತ್ತು!"

"ಈಗ ಏನೂ ಮಾಡಕ್ಕಾಗಲ್ವಾ ಸಾರ್?"

ಅವರು ಮೂಲೆಯಲ್ಲಿದ್ದ ಓವನ್ ತೋರಿಸಿದರು. ಮೋಟರಿನ ಸುರುಳಿಗೆ ವಾರ್ನಿಷ್ ಹಚ್ಚಿ ಒಣಗಿಸುವ ಓವನ್. "ಮೊದಲ ಸಲ ಕಿರುಚಿದಾಗ ನಿಲ್ಲಿಸಿ ತಂದಿದ್ರೆ, ಇದ್ರಲ್ಲಿ ಸಣ್ಣ ಬಿಸಿಗೆ ಒಂದು ಹಗಲು ಇಟ್ಟು ಒಣಗಿಸ್ತಿದ್ದೆ. ಒಂದು ಸಲವಾದ್ರೂ ಓಡ್ತಿತ್ತು. ಈಗ ಒಣಗಿಸೋಕೆ ಇದರ ಮೇಲೆ ಏನಿದೆ ಹೇಳು?"

ವಾಪಸ್ಸು ಬರುವ ಬಸ್ಸಿನಲ್ಲಿ, ನಿಂತ ಜಾಗದಲ್ಲೇ, ನಾಚಿಕೆಯಿಲ್ಲದೆ ಅತ್ತೆ.

ದೊಡ್ಡಮ್ಮ ಮನೆಗೆ ಬಂದ ದಿನವೇ ಹೋಗಿ ಹೇಳಿದೆ. ಕತ್ತಿಗೆ ಬ್ಯಾಂಡೇಜು, ಎರಡು ವಾರ ಮಾತಾಡಕೂಡದೆಂದು ಡಾಕ್ಟರ ಅಪ್ಪಣೆ. ನಾನು ತಲೆ ತಗ್ಗಿಸಿ ಒಂದೂ ಬಿಡದೆ ಒಪ್ಪಿಸಿದೆ, ಮೂಗು ಹೇಳಿದ್ದು, ಫೋನನ್ನು ಆಚೆ ಇಡಿಸಿದ್ದು, ಮೂರು ಸಲ ಒರೆಸಿದ್ದು. ಅವಳು ತನ್ನ ಕತ್ತು ಮುಟ್ಟಿಕೊಂಡಳು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿ, ಕಿವಿ ಮುಟ್ಟಿಕೊಂಡು, ಹುಬ್ಬೇರಿಸಿದಳು. ಅವಳು ಕೇಳಿದಳಾ ಅಂತ.

"ಕೇಳಿದ್ರು ದೊಡ್ಡಮ್ಮ. ಎರಡು ಸೊಲ್ಲು ಪೂರಾ ಕೇಳಿದ್ರು. ಅತ್ತರು."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸೊಸೆಗೆ ಸನ್ನೆ ಮಾಡಿ ನನಗೆ ಕಾಫಿ ತರಿಸಿದಳು.

ಎರಡು ವಾರ ಕಳೆಯಿತು, ಬ್ಯಾಂಡೇಜು ಬಿಚ್ಚಿದರು. ದನಿ ಬರಲಿಲ್ಲ. ಬಂದದ್ದು ಬರೀ ಪಿಸುಮಾತು, ಎದುರಿಗೆ ಕೂತವರು ಮುಂದಕ್ಕೆ ಬಗ್ಗಿದರಷ್ಟೇ ಕೇಳುವಂಥದ್ದು. ಬಂದರೂ ಬರಬಹುದು, ವರ್ಷ ಹಿಡಿಯಬಹುದು ಅಂದರು ಡಾಕ್ಟರು. ಮದುವೆಗೆ ಎರಡು ತಿಂಗಳು ಉಳಿದಿತ್ತು.

ಒಂದು ಬೆಳಗ್ಗೆ ಶಟರ್ ಎತ್ತುವಾಗ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ದನಿ ಬಂತಾ?"

"ಇಲ್ಲ. ಪಿಸುಪಿಸು ಅಂತಾರೆ ಅಷ್ಟೆ."

"ಪದ ಮರ್ತವ್ಳಾ?"

"ಪದ ಯಾಕೆ ಮರೀತಾರೆ?"

"ಅಂಗಾದ್ರೆ ಬಂದು ಎತ್ತಿಕೊಡ್ಲಿ. ನಾನು ಹಿಡೀತೀನಿ."

"ಎತ್ತಿಕೊಡೋಕೆ ದನಿ ಬೇಕಲ್ಲ ಚಿಕ್ಕಮ್ಮ? ನೀವೊಬ್ಬರೇ ಹೇಳಿಬಿಡಿ, ನಾನು ಹಿಡಿದಿಡ್ತೀನಿ."

ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ನಂಗೆ ಆ ಪದ ಪೂರಾ ಬರಾಕಿಲ್ಲ ಕಣಪ್ಪ. ನಲವತ್ತು ವರ್ಸ ಅವ್ಳು ಎತ್ತಿಕೊಟ್ಲು, ನಾನು ಹಿಡ್ಕಂಡೆ. ಮುಂದಿನ ಸೊಲ್ಲು ಯಾವ್ದು ಅಂತ ನಾನ್ಯಾಕೆ ನೆಪ್ಪಿಟ್ಕಬೇಕು? ಅವ್ಳಿದ್ಲಲ್ಲ."

ಅವಳಿದ್ದಾಗ ಬರುವುದಿಲ್ಲ ಎಂಬ ಮೊದಲಿನ ಷರತ್ತನ್ನು ನಾನು ನೆನಪಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಹಾಗಾಗಿ ನನಗೆ ಈಗ ಬೇಕಾದದ್ದು ಪಿಸುಮಾತು ಹಿಡಿಯುವ ಟೇಪು. ಟೇಪಿಗೆ ಅದರದೇ ಒಂದು ಸದ್ದಿರುತ್ತದೆ, ಸುಯ್ ಅಂತ. ಗಟ್ಟಿ ದನಿಯಿದ್ದರೆ ಆ ಸುಯ್ ಕೆಳಗೆ ಮುಚ್ಚಿಹೋಗುತ್ತದೆ. ದೊಡ್ಡಮ್ಮನ ಉಸಿರಿನಂಥ ದನಿಯಾದರೆ ಅದೇ ಸುಯ್‌ನಲ್ಲಿ ಮುಳುಗಿಹೋಗುತ್ತದೆ. ಮತ್ತೆ ಪೀಣ್ಯಕ್ಕೆ ಹೋದೆ. ಕೆಲಸ ಕಲಿಸಿದ ಆ ಮೆಕ್ಯಾನಿಕ್ ಮೇಷ್ಟ್ರು ಮತ್ತು ನಾನು ಮೋಟರುಗಳ ನಡುವೆ ಸ್ಟೂಲು ಹಾಕಿಕೊಂಡು, ಈಗಲೂ ಹೊರದೇಶದಲ್ಲಿ ತಯಾರಾಗುವ ಟೇಪುಗಳ ಗುಣಾವಗುಣ ಬರೆದ ಹಾಳೆಗಳನ್ನು ಹರಡಿಕೊಂಡು, ಹುಡುಗಿ ನೋಡಲು ಹೋದವರ ಹಾಗೆ ಒಂದೊಂದನ್ನೇ ವಿಚಾರಿಸಿದೆವು.

ತೆಳ್ಳನೆಯದೊಂದಿತ್ತು. ಒಂದೇ ಸುರುಳಿಯಲ್ಲಿ ಜಾಸ್ತಿ ಹೊತ್ತು ಬರುತ್ತದೆ. "ನಿನ್ನ ಮಿಷಿನ್ನಿನ ಮೋಟರು ಗೂಳಿ. ಎಳೆದು ಹಿಗ್ಗಿಸಿಬಿಡುತ್ತೆ. ಮೇಲಾಗಿ ತೆಳ್ಳಗಿದ್ರೆ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟುತ್ತೆ. ಚಿಕ್ಕಮ್ಮ ಹಾಡೋಕೆ ಮುಂಚೇನೇ ಅವಳ ದೆವ್ವ ಹಾಡುತ್ತೆ," ಅಂದರು. ಅದು ಬಿದ್ದುಹೋಯಿತು. ಇನ್ನೊಂದು ಹಳೇ ಮಾದರಿಯದ್ದು, ನನ್ನ ಮಿಷಿನ್ನು ಯಾವ ಟೇಪಿಗೆ ಹೊಂದಿಸಿತ್ತೋ ಅದೇ ಬಗೆ. ಹಾಕಿದರೆ ಸಾಕು, ಏನನ್ನೂ ಮುಟ್ಟಬೇಕಿಲ್ಲ. ಆದರೆ ಅದರ ಸುಯ್ ಜಾಸ್ತಿ. ಮೂರನೆಯದು ಹೊಸ ಮಾದರಿ, ದಪ್ಪ, ಸುಯ್ ತೀರ ಕಡಿಮೆ, ದನಿಯನ್ನು ಎಷ್ಟು ಎತ್ತಿ ಕೊಟ್ಟರೂ ತಡೆದುಕೊಳ್ಳುತ್ತದೆ. ತೊಂದರೆ ಅಂದರೆ ಅದಕ್ಕೆ ಮಿಷಿನ್ನನ್ನೇ ಹೊಸದಾಗಿ ಹೊಂದಿಸಬೇಕು, ಒಂದೊಂದು ಟ್ರ್ಯಾಕಿಗೂ ಒಂದೊಂದು ಸ್ಕ್ರೂ, ಕೂದಲೆಳೆಯಷ್ಟು ತಿರುಗಿಸಿ ಕೇಳಬೇಕು.

"ನಿನಗೆ ಅಷ್ಟು ತಾಳ್ಮೆ ಇದೆಯೇನಯ್ಯ?" ಅಂದರು ಮೇಷ್ಟ್ರು. ನನ್ನ ಸ್ವಭಾವ ಅವರಿಗೆ ಗೊತ್ತಿಲ್ಲದ್ದೇ?

"ಇರಲಿಲ್ಲ ಸಾರ್. ಈಗ ತಂದುಕೊಳ್ತೀನಿ," ಅಂದೆ.

ಮೂರನೆಯದನ್ನೇ ಆರಿಸಿದೆವು. ದೊಡ್ಡಮ್ಮನ ಮೇಲಿನ ಮನೆಯ ಬಾಡಿಗೆದಾರ ಕಂಪನಿ ಕೆಲಸದ ಮೇಲೆ ಹೊರದೇಶಕ್ಕೆ ಹೋಗಿದ್ದ. ಫೋನು ಮಾಡಿ ಅಂಗಲಾಚಿದ್ದಕ್ಕೆ ಎರಡು ಸುರುಳಿಯನ್ನು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡು ತಂದ, ಪುಣ್ಯಾತ್ಮ. ಒಂದನ್ನು ಮಿಷಿನ್ನು ಹೊಂದಿಸುವುದಕ್ಕೇ ಬಳಸಿದೆ. ಮೂರು ದಿನ ಅಂಗಡಿಗೆ ಬಂದವರನ್ನೆಲ್ಲ ವಾಪಸ್ಸು ಕಳಿಸಿ ಸ್ಕ್ರೂ ತಿರುಗಿಸಿದೆ. ಒಂದು ಸಲವೂ ರೇಗಲಿಲ್ಲ. ಹೆಂಡತಿ ಊಟದ ಡಬ್ಬಿ ತಂದವಳು ಹಣೆ ಮುಟ್ಟಿ, "ಜ್ವರ ಏನಾದ್ರೂ ಬಂದಿದ್ಯಾ?" ಅಂತ ಕೇಳಿದಳು.

ಆ ದಿನ ಬಂತು. ಎರಡನೇ ಸುರುಳಿಯ ಡಬ್ಬಿಗೆ ದೊಡ್ಡಮ್ಮ ಮತ್ತೆ ಅರಿಶಿನ ಕುಂಕುಮ ಹಚ್ಚಿದಳು. ನಾನು ಸೀಲು ಒಡೆದು ಈ ಸಲ ಮೂಸಿ ನೋಡಿದೆ. ಮೊಮ್ಮಗಳನ್ನು ಕರೆದು, "ನಿನ್ನ ಫೋನನ್ನೂ ಆನ್ ಮಾಡಿ ಇಲ್ಲೇ ಇಡಮ್ಮ," ಅಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಇಟ್ಟಳು.

ರೂಮನ್ನು ಬಹಳ ಯೋಚಿಸಿ ಸಜ್ಜುಮಾಡಿದ್ದೆ. ಎರಡು ಚಾಪೆ, ಎರಡು ಮೈಕು, ಎರಡು ಟ್ರ್ಯಾಕು. ನಡುವೆ ಹಗ್ಗ ಕಟ್ಟಿ ದಪ್ಪ ಜಮಖಾನೆ ಇಳಿಬಿಟ್ಟಿದ್ದೆ. ಪಿಸುದನಿಗೆ ಗಟ್ಟಿ ದನಿ ಬೆರೆಯಬಾರದು, ಮುಖಕ್ಕೆ ಮುಖವೂ ಕಾಣಬಾರದು, ಎರಡಕ್ಕೂ ಅದೊಂದೇ ಉಪಾಯ. ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ತನ್ನ ಕಡೆ ಕೂತಳು. ಚಿಕ್ಕಮ್ಮ ಬಂದಳು, ಜಮಖಾನೆ ನೋಡಿದಳು.

"ಇದೇನಪ್ಪ, ಎರಿಗೆ ವಾರ್ಡಾ?"

ಅಂದವಳೇ ಅದನ್ನು ಪಕ್ಕಕ್ಕೆ ಸರಿಸಿ, ದೊಡ್ಡಮ್ಮನ ಚಾಪೆಯ ಮೇಲೇ ಹೋಗಿ ಕೂತಳು. ದೊಡ್ಡಮ್ಮನ ಹೆಡ್‌ಫೋನನ್ನು ತಾನೇ ತೆಗೆದು ನೆಲಕ್ಕಿಟ್ಟಳು. ಒಬ್ಬರನ್ನೊಬ್ಬರು ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಚಿಕ್ಕಮ್ಮ ತಲೆ ವಾಲಿಸಿ ಕಿವಿಯನ್ನು ದೊಡ್ಡಮ್ಮನ ಬಾಯಿಯ ಹತ್ತಿರ ತಂದಳು. ಎದುರಿಗಿದ್ದದ್ದು ಒಂದೇ ಮೈಕು. ಮಾಡುವುದೇನು? ಟೇಪು ಬಿಟ್ಟೆ.

ದೊಡ್ಡಮ್ಮ ಪಿಸುಗುಟ್ಟಿದಳು. ಚಿಕ್ಕಮ್ಮ ಹಿಡಿದಳು. ಅಬ್ಬಾ, ಹನ್ನೊಂದು ವರ್ಷ ಕಟ್ಟಿಹಾಕಿದ್ದ ದನಿ! ಸೊಲ್ಲಿನ ಮೇಲೆ ಸೊಲ್ಲು, ಉಸಿರಿನಷ್ಟು ಸಣ್ಣದೊಂದು, ಅದರ ಹಿಂದೆಯೇ ರೂಮು ತುಂಬುವುದೊಂದು. ದೊಡ್ಡಮ್ಮನ ಬೆರಳು ತೊಡೆಯ ಮೇಲೆ ಲೆಕ್ಕ ಹಾಕುತ್ತಿತ್ತು. ಯಾರ ತೊಡೆ ಅಂತ ಆಮೇಲೆ ನೋಡಿದೆ, ಚಿಕ್ಕಮ್ಮನದು.

ಪದ ಮುಗಿಯಿತು. ನನ್ನೊಳಗಿನ ಮೆಕ್ಯಾನಿಕ್ಕು ಸುಮ್ಮನಿರಬೇಕಲ್ಲ? "ಚಿಕ್ಕಮ್ಮ, ತುಂಬ ಚೆನ್ನಾಗಿ ಬಂತು. ಆದ್ರೆ ಪಿಸುಮಾತೂ ನಿಮ್ಮ ಟ್ರ್ಯಾಕಲ್ಲೇ ಬಂದುಬಿಟ್ಟಿದೆ. ಈಗ ಪೂರಾ ಪದ ಗೊತ್ತಾಯ್ತಲ್ಲ, ಇನ್ನೊಂದ್ಸಲ ನೀವೊಬ್ಬರೇ ಹೇಳಿದ್ರೆ ಕ್ಲೀನಾಗಿ ಸಿಗುತ್ತೆ," ಅಂದುಬಿಟ್ಟೆ.

ಆ ದಿನ ಬೈಯದವಳು ಈಗ ಬೈದಳು. "ಒಂದು ಸಲ ಒರೆಸಿದ್ದು ಸಾಲ್ದಾ ನಿಂಗೆ? ಅವ್ಳುನ್ನ ತೆಗೆದ್ರೆ ಇದೆಂಗಪ್ಪ ಹಸೆ ಪದ ಆಯ್ತದೆ? ಮುಟ್ಟಬ್ಯಾಡ ಅದ್ನ!"

ಮುಟ್ಟಲಿಲ್ಲ. ಎಂಟು ಟ್ರ್ಯಾಕಿನ ಮಿಷಿನ್ನಿನಲ್ಲಿ ಏಳು ಖಾಲಿ ಉಳಿದವು. ಚಿಕ್ಕಮ್ಮ ಎದ್ದು ಸೆರಗು ಹೊದ್ದು ಗೋಡೆಯಾಚೆಗೆ ಹೋದಳು. ಅವರಿಬ್ಬರೂ ಆಮೇಲೆ ಮಾತಾಡಿದ್ದನ್ನು ನಾನು ನೋಡಿಲ್ಲ. ಕೇಸು ನಡೆಯುತ್ತಲೇ ಇತ್ತು.

ಮದುವೆ ಕಾಡುಗೋಡಿಯ ಹತ್ತಿರದ ಒಂದು ಛತ್ರದಲ್ಲಿ. ಸೀಡಿಯೊಂದನ್ನು ಮಾಡಿಸಿಕೊಟ್ಟಿದ್ದರೆ ಸಾಕಿತ್ತು, ನನಗೆ ಸಮಾಧಾನವಾಗಲಿಲ್ಲ. ಮಿಷಿನ್ನನ್ನೇ ಟೆಂಪೋದಲ್ಲಿ ಹಾಸಿಗೆಯ ಮೇಲೆ ಮಲಗಿಸಿಕೊಂಡು ಹೋದೆ. ಚಿಕ್ಕಮ್ಮನ ಮನೆಯಿಂದ ಯಾರೂ ಬಂದಿರಲಿಲ್ಲ. ದೊಡ್ಡಮ್ಮ ಹಸೆಯ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು. ಹೆಂಗಸರು ನನ್ನ ಕಡೆ ನೋಡಿದರು. ನಾನು ಟೇಪು ಬಿಟ್ಟೆ.

ವಾಪಸ್ಸು ಬರುವಾಗ ಚಿಕ್ಕಮ್ಮ ತನ್ನ ಮನೆಯ ಗೇಟಿನಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಟೆಂಪೋ ನಿಲ್ಲಿಸಿ ಇಳಿದೆ.

"ಮಗು ಎದ್ದು ಬಂತಾ?" ಅಂದಳು.

"ಬಂತು ಚಿಕ್ಕಮ್ಮ. ನಿಮ್ಮ ದನಿ ಶುರುವಾಗೋಕೆ ಮುಂಚೇನೇ ಎದ್ದುಬಿಟ್ಟಳು. ದೊಡ್ಡಮ್ಮನ ಪಿಸುಮಾತು ಕೇಳಿದ ತಕ್ಷಣ."

ಚಿಕ್ಕಮ್ಮ ಗೇಟಿನ ಸರಳು ಹಿಡಿದುಕೊಂಡು, ಗೋಡೆಯಾಚೆಗಿನ ದೊಡ್ಡಮ್ಮನ ಖಾಲಿ ಮನೆಯ ಕಡೆ ನೋಡಿದಳು.

"ಎದ್ದೇ ಏಳ್ತಾಳೆ," ಅಂದಳು. "ಅವ್ಳು ಎತ್ತಿಕೊಟ್ಟ ಮ್ಯಾಲೆ ಯಾರು ತಾನೆ ಕುಂತಿರಕ್ಕಾಯ್ತದೆ?"